ಸಮುದ್ರದಿಂದ ಬರುವ ಕಣಗಳು ಮೋಡದಲ್ಲಿ ಮಂಜುಗಡ್ಡೆ ಆಗಲು ಹೇಗೆ ಕಾರಣವಾಗುತ್ತವೆ?

ಮೋಡದ ನೀರು ಸೊನ್ನೆ ಡಿಗ್ರಿಗೇ ಹೆಪ್ಪುಗಟ್ಟುವುದಿಲ್ಲ. ಶುದ್ಧ ನೀರಿನ ಸಣ್ಣ ಹನಿ ಸುಮಾರು ಮೈನಸ್ 38 ಡಿಗ್ರಿ ಸೆಲ್ಸಿಯಸ್‌ವರೆಗೂ ನೀರಾಗಿಯೇ ಉಳಿಯಬಲ್ಲದು. ಅದಕ್ಕೂ ಮೊದಲೇ ಗಟ್ಟಿಯಾಗಬೇಕಾದರೆ ಆಸರೆಗೆ ಒಂದು ಕಣ ಬೇಕು. ಅಲೆ ಒಡೆದಾಗ ನೊರೆಯ ಗುಳ್ಳೆಗಳು ಸಿಡಿದು ಅಂಥ ಕಣಗಳನ್ನು ಗಾಳಿಗೆ ಎರಚುತ್ತವೆ.

ಅದು ಉಪ್ಪೇ ಅಲ್ವಾ ಅನ್ನಬಹುದು. ಉಪ್ಪು ಮೋಡದ ಹನಿ ಕಟ್ಟಲು ಒಳ್ಳೆಯದು, ಆದರೆ ನೀರಲ್ಲಿ ಕರಗಿದರೆ ಹೆಪ್ಪುಗಟ್ಟುವುದನ್ನು ತಡಮಾಡುತ್ತದೆ. ನಿಜವಾದ ಕೆಲಸ ಡಯಾಟಮ್‌ನಂಥ ಪಾಚಿಗಳು, ಬ್ಯಾಕ್ಟೀರಿಯಾಗಳು ಬಿಟ್ಟ ಜೈವಿಕ ಚೂರುಗಳದ್ದು. ಅವುಗಳ ಮೇಲೆ ನೀರಿನ ಅಣುಗಳು ಸಾಲಾಗಿ ಕೂತು ಹರಳು ಶುರುವಾಗುತ್ತದೆ.

ಮರುಭೂಮಿಯ ಧೂಳಿನ ಮುಂದೆ ಇವು ದುರ್ಬಲವೇ. ಆದರೆ ಧೂಳು ಅಷ್ಟಾಗಿ ತಲುಪದ ಅಂಟಾರ್ಕ್ಟಿಕಾ ಸುತ್ತಲಿನ ಸಾಗರದಲ್ಲಿ ಇವುಗಳ ಪಾತ್ರ ದೊಡ್ಡದು. ಅಲ್ಲಿ ಒಟ್ಟಾರೆ ಕಣಗಳೇ ಕಡಿಮೆ. ಹಾಗಾಗಿ ಕೊರೆಯುವ ಚಳಿಯಲ್ಲೂ ಮೋಡದಲ್ಲಿ ನೀರೇ ಜಾಸ್ತಿ, ಅಂಥ ಮೋಡ ಬಿಸಿಲನ್ನು ಹೆಚ್ಚು ವಾಪಸ್ ಕಳಿಸುತ್ತದೆ.