ಜುಲೈನಲ್ಲಿ ಐಸ್‌ಲ್ಯಾಂಡ್: ದಪ್ಪ ಜಾಕೆಟ್ ಮನೇಲಿರಲಿ, ಮಳೆ ಪ್ಯಾಂಟ್ ಮರೀಬೇಡಿ

ನಮಸ್ಕಾರ. ನಿಮ್ಮ ಪ್ರಶ್ನೆ ನಿನ್ನೆ ರಾತ್ರಿ ಓದಿದೆ. ಜುಲೈ ಎರಡನೇ ವಾರ, ಒಂಬತ್ತು ದಿನ, ಬಾಡಿಗೆ ಕಾರಿನಲ್ಲಿ ಐಸ್‌ಲ್ಯಾಂಡ್ ಒಂದು ಸುತ್ತು. ಜೊತೆಗೆ ಎಂಟು ವರ್ಷದ ಮಗಳು, ಸೀರೆ ಬಿಟ್ಟು ಬೇರೆ ಉಡದ ಅತ್ತೆ. "ಬೇಸಿಗೆ ಅಂತಾರೆ, ಹನ್ನೆರಡು ಡಿಗ್ರಿ ಅಂತಲೂ ಅಂತಾರೆ. ಮನಾಲಿಗೆ ತಗೊಂಡಿದ್ದ ದಪ್ಪ ಜಾಕೆಟ್‌ಗಳನ್ನೇ ಒಯ್ದರೆ ಸಾಕಾ?" ಅಂತ ಕೇಳಿದ್ದೀರಿ. ನಾವು ಎರಡು ಸಲ ಹೋಗಿ ಬಂದಿದ್ದೇವೆ, ಎರಡೂ ಬೇಸಿಗೆಯಲ್ಲೇ. ಎರಡನೇ ಸಲ ಅಮ್ಮನೂ ಇದ್ದರು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಸಾಕಾಗಲ್ಲ. ಆ ದಪ್ಪ ಜಾಕೆಟ್ ಮನೆಯಲ್ಲೇ ಇರಲಿ. ಅದು ಒಣ ಚಳಿಗೆ ಮಾಡಿದ್ದು, ಅಲ್ಲಿರುವುದು ಒದ್ದೆ ಗಾಳಿ.

ಜುಲೈನಲ್ಲಿ ರಾಜಧಾನಿ ರೇಕ್ಯವಿಕ್‌ನಲ್ಲಿ ಹಗಲು 14–15 ಡಿಗ್ರಿ, ರಾತ್ರಿ 9ರ ಆಸುಪಾಸು. ಅಂಕಿ ನೋಡಿದರೆ ಡಿಸೆಂಬರ್‌ನ ಬೆಂಗಳೂರಿನ ಬೆಳಗಿನ ಹಾಗೆ ಕಾಣುತ್ತದೆ. ಮೋಸ ಆಗುವುದೇ ಇಲ್ಲಿ. ದಕ್ಷಿಣದಿಂದ ಬರುವ ಬೆಚ್ಚನೆಯ ಸಮುದ್ರ ಪ್ರವಾಹ, ಧ್ರುವದ ಕಡೆಯಿಂದ ಬರುವ ತಣ್ಣನೆ ನೀರು ಎರಡೂ ಈ ದ್ವೀಪದ ಹತ್ತಿರವೇ ಸೇರುತ್ತವೆ. ಅಟ್ಲಾಂಟಿಕ್‌ನ ವಾಯುಭಾರ ಕುಸಿತಗಳು ಒಂದರ ಹಿಂದೆ ಒಂದು ಇದೇ ದಾರಿಯಲ್ಲಿ ಹಾದುಹೋಗುತ್ತವೆ. ಬೆಳಿಗ್ಗೆ ಬಿಸಿಲು, ಹತ್ತೂವರೆಗೆ ಮಳೆ, ಊಟದ ಹೊತ್ತಿಗೆ ಮತ್ತೆ ಬಿಸಿಲು, ಸಂಜೆ ನಿಲ್ಲಲಾಗದ ಗಾಳಿ. ಇಷ್ಟೂ ಒಂದೇ ದಿನದಲ್ಲಿ ಕಂಡಿದ್ದೇವೆ. 10 ಡಿಗ್ರಿ ಇದ್ದಾಗ ಗಂಟೆಗೆ 50 ಕಿ.ಮೀ. ಗಾಳಿ ಬೀಸಿದರೆ ಮೈಗೆ ಅನಿಸುವುದು 5–6 ಡಿಗ್ರಿ. ಬಟ್ಟೆ ಒದ್ದೆಯಾಗಿದ್ದರೆ ಇನ್ನೂ ಜಾಸ್ತಿ ಚಳಿ. ಮಳೆಯೂ ಮೇಲಿಂದ ಬೀಳಲ್ಲ, ಪಕ್ಕದಿಂದ ಬಂದು ಹೊಡೆಯುತ್ತದೆ. ಕೊಡೆ ಒಯ್ಯಲೇಬೇಡಿ. ಬಿಚ್ಚಿದ ನಿಮಿಷದಲ್ಲೇ ಕಡ್ಡಿ ಮುರಿಯುತ್ತದೆ.

ನಮ್ಮ ಮೊದಲ ಸಲದ ಅನುಭವ ಹೇಳುತ್ತೇನೆ. ಸೆಲ್ಯಾಲಾಂಡ್ಸ್‌ಫಾಸ್ ಅಂತ ಅರವತ್ತು ಮೀಟರ್ ಎತ್ತರದ ಜಲಪಾತ. ಅದರ ಹಿಂದೆಯೇ ನಡೆದುಹೋಗುವ ದಾರಿ ಇದೆ. ನಾನು ಜೀನ್ಸ್ ಹಾಕಿದ್ದೆ. ಮೇಲೆ ಹೊಸ ಜಾಕೆಟ್, ಅಂಗಡಿಯಲ್ಲಿ "ಮಳೆಗೂ ಆಗುತ್ತೆ" ಅಂದಿದ್ದರು. ಹಿಂದೆ ಹೋಗಿ ಬರಲು ಹದಿನೈದು ನಿಮಿಷ. ಹೊರಗೆ ಬಂದಾಗ ಜಾಕೆಟ್‌ನ ಹೆಗಲಿನ ಹೊಲಿಗೆಯಿಂದ ನೀರು ಒಳಗಿಳಿದು ಬನಿಯನ್ ಮೈಗೆ ಅಂಟಿತ್ತು. ಜೀನ್ಸ್ ತೊಡೆಯವರೆಗೂ ನೆನೆದು, ಒಂದೊಂದು ಕಾಲೂ ಒದ್ದೆ ಗೋಣಿಚೀಲದಷ್ಟು ಭಾರ. ಕಾರಿನ ಹೀಟರ್ ಹಾಕಿಕೊಂಡು ಎರಡು ಗಂಟೆ ಹೋದರೂ ಒಣಗಲಿಲ್ಲ. ಮರುದಿನ ಬೆಳಿಗ್ಗೆ ಮುಟ್ಟಿದಾಗಲೂ ಸೊಂಟದ ಪಟ್ಟಿ ತೇವವೇ ಇತ್ತು. ಆ ದಿನ ಸಂಜೆ ನೋಡಬೇಕಿದ್ದ ಕಪ್ಪು ಮರಳಿನ ದಂಡೆಗೆ ಇಳಿಯಲು ಧೈರ್ಯವೇ ಬರಲಿಲ್ಲ. ಅಷ್ಟು ದೂರ ಹೋಗಿ ಕಾರಿನ ಗಾಜಿನೊಳಗಿಂದ ನೋಡಿದೆ. ಇದು ನಿಮಗೆ ಆಗಬಾರದು.

ನಮ್ಮ ಮಲೆನಾಡಿನಲ್ಲಿ ನಾಟಿ ಮಾಡುವವರು ಇಡೀ ದಿನ ಸುರಿಯುವ ಮಳೆಯಲ್ಲಿ ಹೇಗೆ ನಿಲ್ಲುತ್ತಿದ್ದರು ನೆನಪು ಮಾಡಿಕೊಳ್ಳಿ. ಬೆನ್ನ ಮೇಲೆ ಗೊರಬು, ಇಲ್ಲವೇ ತಲೆಯಿಂದ ಇಳಿಬಿಟ್ಟ ಕಂಬಳಿ ಕೊಪ್ಪೆ. ಗೊರಬು ನೀರು ತಡೆಯುತ್ತದೆ, ಶಾಖ ಕೊಡಲ್ಲ. ಕಂಬಳಿ ತೇವವಾದರೂ ಬೆಚ್ಚಗಿಡುತ್ತದೆ, ಯಾಕೆಂದರೆ ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಹೀರಿಕೊಂಡರೂ ಮೈಗೆ ಒದ್ದೆ ಅನಿಸಲ್ಲ. ಐಸ್‌ಲ್ಯಾಂಡ್‌ಗೆ ನಿಮಗೆ ಬೇಕಾಗಿರುವುದೂ ಇದೇ: ಹೊರಗೆ ಒಂದು ಗೊರಬು, ಒಳಗೆ ಒಂದು ಕಂಬಳಿ. ಎರಡೂ ಬೇರೆ ಬೇರೆ ಇರಬೇಕು, ಬೇಕೆಂದಾಗ ಹಾಕಿ ಬೇಡವೆಂದಾಗ ತೆಗೆಯುವ ಹಾಗೆ. ಮನಾಲಿ ಜಾಕೆಟ್‌ನ ತೊಂದರೆ ಏನೆಂದರೆ ಶಾಖ, ಹೊದಿಕೆ ಎಲ್ಲ ಒಂದರಲ್ಲೇ ಹೊಲಿದಿರುತ್ತಾರೆ. ಬಿಸಿಲು ಬಂದರೆ ಬೆವರು, ನೆನೆದರೆ ಒಳಗಿನ ಹತ್ತಿ ಮುದ್ದೆ.

ನಿಮ್ಮ ಬಜೆಟ್‌ನ ದೊಡ್ಡ ಪಾಲು ಹೊರಗಿನ ಪದರಕ್ಕೆ ಹೋಗಲಿ. ಜಾಕೆಟ್ ಮತ್ತು ಪ್ಯಾಂಟ್ ಎರಡೂ ಬೇಕು. ಜಾಕೆಟ್ ಎಲ್ಲರೂ ತಗೋತಾರೆ, ಪ್ಯಾಂಟ್ ಬಿಟ್ಟುಬಿಡ್ತಾರೆ. ಆದರೆ ಮೊದಲು ನೆನೆಯುವುದು ತೊಡೆ ಮತ್ತು ಮಂಡಿ. ಲೇಬಲ್ ಮೇಲೆ "ವಾಟರ್ ರೆಸಿಸ್ಟೆಂಟ್" ಅಂತಿದ್ದರೆ ಅದು ತುಂತುರಿಗೆ ಮಾತ್ರ. "ವಾಟರ್‌ಪ್ರೂಫ್" ಅಂತಿರಬೇಕು, ಜೊತೆಗೆ 10,000 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿನ ಅಂಕಿ ಇರಬೇಕು (ಬಟ್ಟೆ ಎಷ್ಟು ನೀರಿನ ಒತ್ತಡ ತಡೆಯುತ್ತದೆ ಅನ್ನುವ ಅಳತೆ ಅದು). ಒಳಗಡೆ ತಿರುಗಿಸಿ ನೋಡಿ, ಪ್ರತಿ ಹೊಲಿಗೆಯ ಮೇಲೂ ಟೇಪ್ ಅಂಟಿಸಿರಬೇಕು. ನನ್ನ ಮೊದಲ ಜಾಕೆಟ್‌ನಲ್ಲಿ ಆ ಟೇಪ್ ಇರಲಿಲ್ಲ. ಟೋಪಿಗೆ ಎಳೆದು ಬಿಗಿ ಮಾಡುವ ದಾರ ಇರಲಿ, ಇಲ್ಲವಾದರೆ ಗಾಳಿ ಅದನ್ನು ಹಿಂದಕ್ಕೆ ಕಿತ್ತು ಹಾಕುತ್ತದೆ. ಪ್ಯಾಂಟ್‌ಗೆ ಕಾಲಿನ ಪಕ್ಕ ಉದ್ದದ ಜಿಪ್ ಇದ್ದರೆ ಶೂ ಬಿಚ್ಚದೆಯೇ ಹಾಕಬಹುದು. ಕಾರಿನ ಪಕ್ಕ ಮಳೆಯಲ್ಲಿ ನಿಂತು ಹಾಕುವಾಗ ಅದರ ಬೆಲೆ ಗೊತ್ತಾಗುತ್ತದೆ. ಅಳತೆ ಒಂದು ಸೈಜ್ ದೊಡ್ಡದೇ ತಗೊಳ್ಳಿ, ಒಳಗೆ ಎರಡು ಪದರ ಕೂರಬೇಕು.

ತಂದ ಮೇಲೆ ಮನೆಯಲ್ಲಿ ಪರೀಕ್ಷೆ ಮಾಡಿ. ಒಳಗೆ ತೆಳು ಬಣ್ಣದ ಟೀ ಶರ್ಟ್ ಹಾಕಿ, ಜಾಕೆಟ್ ತೊಟ್ಟು ಬಚ್ಚಲಿನ ಶವರ್ ಕೆಳಗೆ ಹತ್ತು ನಿಮಿಷ ನಿಲ್ಲಿ. ಹೆಗಲು, ಕುತ್ತಿಗೆ, ಜಿಪ್ ಮೂರೂ ಕಡೆ ನೀರು ಬೀಳಲಿ. ಆಮೇಲೆ ಬಿಚ್ಚಿ ನೋಡಿದರೆ ಟೀ ಶರ್ಟ್ ಮೇಲಿನ ಕಲೆ ಎಲ್ಲಾ ಹೇಳುತ್ತದೆ. ಸೋರಿದರೆ ಬದಲಾಯಿಸಲು ಇನ್ನೂ ಸಮಯ ಇರುತ್ತದೆ ಅಲ್ವಾ.

ಮಧ್ಯದ ಪದರಕ್ಕೆ ತೆಳುವಾದ ಫ್ಲೀಸ್ ಒಂದು, ಉಣ್ಣೆ ಸ್ವೆಟರ್ ಒಂದು. ಮನೆಯಲ್ಲಿ ಅಜ್ಜಿ ಹೆಣೆದದ್ದು ಇದ್ದರೆ ಅದೇ ಸಾಕು, ಅಪ್ಪಟ ಉಣ್ಣೆ ಆಗಿರಲಿ ಅಷ್ಟೇ. ಅಲ್ಲೇ ಒಂದು ಕೊಳ್ಳುವ ಆಸೆ ಇದ್ದರೆ ಲೋಪಪೇಯ್ಸಾ ನೋಡಿ, ಕುತ್ತಿಗೆ ಸುತ್ತ ಚಿತ್ತಾರ ಇರುವ ಅವರ ಸ್ವೆಟರ್. ಐಸ್‌ಲ್ಯಾಂಡಿನ ಕುರಿಗೆ ಎರಡು ಬಗೆಯ ಕೂದಲು. ಹೊರಗಿನದು ಉದ್ದ, ಒರಟು, ನೀರು ಜಾರಿಸುತ್ತದೆ. ಒಳಗಿನದು ಮೃದು, ಗಾಳಿಯನ್ನು ಹಿಡಿದಿಟ್ಟು ಬೆಚ್ಚಗಿಡುತ್ತದೆ. ಎರಡನ್ನೂ ಸೇರಿಸಿ ಮಾಡಿದ ನೂಲಿನಲ್ಲಿ ಇದನ್ನು ಹೆಣೆಯುತ್ತಾರೆ. ಮೂಗಿನ ಹತ್ತಿರ ಹಿಡಿದರೆ ನಮ್ಮ ಹೊಸ ಕಂಬಳಿಯ ವಾಸನೆಯೇ. ಬೆಲೆ ಜಾಸ್ತಿ, ಕುತ್ತಿಗೆಗೆ ಸ್ವಲ್ಪ ಚುಚ್ಚುತ್ತದೆ, ಆದರೆ ಕೈಯಲ್ಲಿ ಹೆಣೆದದ್ದು ಹತ್ತಾರು ವರ್ಷ ಬರುತ್ತದೆ.

ಮೈಗೆ ತಾಗುವ ಬಟ್ಟೆ ಹತ್ತಿ ಬೇಡ. ನಾವು ಹತ್ತಿಯವರು, ಅದನ್ನು ಬಿಡಲು ಮನಸ್ಸು ಬರಲ್ಲ. ಆದರೆ ಹತ್ತಿ ಬೆವರು ಹೀರಿ ಹಾಗೇ ಇಟ್ಟುಕೊಳ್ಳುತ್ತದೆ, ನಿಂತ ಕೂಡಲೇ ಬೆನ್ನು ತಣ್ಣಗಾಗುತ್ತದೆ. ಮೆರಿನೋ ಉಣ್ಣೆಯ ಬನಿಯನ್ ಒಬ್ಬೊಬ್ಬರಿಗೆ ಎರಡು ಸಾಕು. ಮೂರು ದಿನ ಹಾಕಿದರೂ ವಾಸನೆ ಬರಲ್ಲ. ದುಬಾರಿ ಅನಿಸಿದರೆ ಆಟಕ್ಕೆ ಹಾಕುವ ಪಾಲಿಯೆಸ್ಟರ್ ಬನಿಯನ್ ಆಗುತ್ತದೆ. ರಾತ್ರಿ ಒಗೆದು ಹೀಟರ್ ಪಕ್ಕ ಹರವಿದರೆ ಬೆಳಿಗ್ಗೆ ಒಣಗಿರುತ್ತದೆ. ಹೀಗೆ ಒಗೆದು ಹಾಕಿದರೆ ಒಂಬತ್ತು ದಿನಕ್ಕೆ ನಾಲ್ಕು ಜೊತೆ ಬಟ್ಟೆಯಲ್ಲಿ ಮುಗಿಯುತ್ತದೆ.

ಈಗ ಅತ್ತೆಯ ವಿಷಯ. ಇದನ್ನು ನಿಧಾನವಾಗಿ ಓದಿ. ಅಮ್ಮನೂ ಹೊರಡುವವರೆಗೆ "ನಾನು ಸೀರೆಯಲ್ಲೇ ಹಿಮಾಲಯ ನೋಡಿದ್ದೇನೆ" ಅಂತಿದ್ದರು. ರೇಕ್ಯವಿಕ್‌ನಲ್ಲಿ ಸೀರೆ ನಡೆಯಿತು. ಸ್ಕೋಗಾಫಾಸ್ ಜಲಪಾತದ ಪಕ್ಕದ ಮೆಟ್ಟಿಲು ಹತ್ತುವಾಗ ಗಾಳಿ ಎದ್ದಿತು. ಸೆರಗು ಹಾರಿ ಮುಖಕ್ಕೆ ಸುತ್ತಿಕೊಂಡಿತು. ಒಂದು ಕೈಯಲ್ಲಿ ಸೆರಗು, ಇನ್ನೊಂದು ಕೈಯಲ್ಲಿ ನೆರಿಗೆ. ಕಂಬಿ ಹಿಡಿಯಲು ಕೈಯೇ ಉಳಿದಿರಲಿಲ್ಲ. ನಾನು ಹಿಂದಿನಿಂದ ಅವರ ಸೊಂಟ ಹಿಡಿದು ನಿಂತಿದ್ದೆ. ಆ ಎರಡು ನಿಮಿಷ ನನಗೆ ಇವತ್ತಿಗೂ ನೆನಪಾಗುತ್ತದೆ. ಚಳಿಯ ಮಾತು ಬಿಡಿ, ಜಾರಿ ಬೀಳುವ ಭಯವೇ ದೊಡ್ಡದು. ಅತ್ತೆಗೆ ಹೀಗೇ ಹೇಳಿ, ಒಪ್ಪುತ್ತಾರೆ. "ಚಳಿಯಾಗುತ್ತೆ" ಅಂದರೆ ಹಿರಿಯರು ಒಪ್ಪಲ್ಲ, "ಎರಡೂ ಕೈ ಖಾಲಿ ಇರಬೇಕು" ಅಂದರೆ ಅರ್ಥ ಮಾಡಿಕೊಳ್ಳುತ್ತಾರೆ.

ಅಮ್ಮ ಒಪ್ಪಿದ್ದು ಹೀಗೆ. ಜಲಪಾತ, ಸಮುದ್ರ, ಹಿಮನದಿ ಇರುವ ದಿನ ಚೂಡಿದಾರ್, ಒಳಗೆ ಥರ್ಮಲ್, ಮೇಲೆ ಮಳೆ ಪ್ಯಾಂಟ್ ಮತ್ತು ಜಾಕೆಟ್. ಟಾಪ್ ಮಂಡಿಗಿಂತ ಮೇಲಿರಲಿ, ಉದ್ದ ಇದ್ದರೆ ಜಾಕೆಟ್ ಕೆಳಗೆ ಇಳಿದು ನೆನೆಯುತ್ತದೆ. ಊರಿನಲ್ಲಿ ಓಡಾಡುವ ದಿನ ಸೀರೆ. ಲಂಗದ ಒಳಗೆ ಥರ್ಮಲ್ ಪ್ಯಾಂಟ್, ರವಿಕೆಯ ಬದಲು ಉದ್ದ ತೋಳಿನ ಕಪ್ಪು ಥರ್ಮಲ್. ನೋಡಲೂ ಚೆನ್ನಾಗಿತ್ತು. ಸೀರೆ ಸಿಂಥೆಟಿಕ್ ಆಗಿರಲಿ, ಅಂಚು ನೆನೆದರೆ ಬೇಗ ಒಣಗುತ್ತದೆ. ಇನ್ನೊಂದು ಮಾತು: ಚೂಡಿದಾರ್ ಅಭ್ಯಾಸ ಇಲ್ಲದಿದ್ದರೆ ಹೊರಡುವ ಒಂದು ತಿಂಗಳು ಮೊದಲೇ ಮನೆಯಲ್ಲಿ ಹಾಕಿಕೊಂಡು ಓಡಾಡಲಿ. ಅಲ್ಲಿ ಹೋಗಿ ಮೊದಲ ಸಲ ಹಾಕಿಕೊಂಡರೆ ಸಂಕೋಚದಲ್ಲೇ ದಿನ ಕಳೆದುಹೋಗುತ್ತದೆ.

ಶೂಗೂ ಇದೇ ಮಾತು. ಗಿಣ್ಣು ಮುಚ್ಚುವ ವಾಟರ್‌ಪ್ರೂಫ್ ಶೂ ತಗೊಂಡು, ದಿನಾ ಅರ್ಧ ಗಂಟೆಯಾದರೂ ಹಾಕಿ ನಡೆಯಿರಿ. ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಅಂಗಡಿಯಲ್ಲಿ ಅಳತೆ ನೋಡಿ. ನೀವೂ ಅತ್ತೆಯೂ ಕಾಲುಂಗುರ ಹಾಕುವವರಾದರೆ ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಬಿಗಿ ಶೂ ಒಳಗೆ ಕಾಲುಂಗುರ ಪಕ್ಕದ ಬೆರಳನ್ನು ಒತ್ತಿ ಗಾಯ ಮಾಡುತ್ತದೆ. ಇನ್ನೊಂದು ವಿಷಯ ಯಾರೂ ಹೇಳಲ್ಲ: ಅಲ್ಲಿ ಬಹಳ ಕಡೆ ಬಿಸಿನೀರು ಬರುವುದೇ ಭೂಮಿಯೊಳಗಿಂದ, ಗಂಧಕದ ವಾಸನೆ ಇರುತ್ತದೆ. ಆ ನೀರು ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ. ಅಮ್ಮನ ಕಾಲುಂಗುರ ಎರಡೇ ದಿನದಲ್ಲಿ ಇದ್ದಿಲಿನ ಬಣ್ಣಕ್ಕೆ ತಿರುಗಿತ್ತು, ಅವರು ಅಪಶಕುನ ಅಂತ ಗಾಬರಿಯಾದರು. ಮನೆಗೆ ಬಂದು ವಿಭೂತಿಯಲ್ಲಿ ಉಜ್ಜಿದ ಮೇಲೆ ಮೊದಲಿನ ಹಾಗಾಯಿತು. ಮೊದಲೇ ಹೇಳಿಟ್ಟಿರಿ.

ಈಜುಡುಗೆ ಎಲ್ಲರಿಗೂ ಒಯ್ಯಿರಿ. ಚಿಕ್ಕ ಚಿಕ್ಕ ಊರಿನಲ್ಲೂ ಬಿಸಿನೀರಿನ ಕೊಳ ಇದೆ, ಸುಸ್ತಾದ ಕಾಲಿಗೆ ಅದರಂಥ ಔಷಧಿ ಇಲ್ಲ. ಒಳಗೆ ಇಳಿಯುವ ಮೊದಲು ಬಟ್ಟೆ ಇಲ್ಲದೆ ಸೋಪು ಹಾಕಿ ಸ್ನಾನ ಮಾಡಲೇಬೇಕು, ಅದು ಅಲ್ಲಿನ ಕಟ್ಟುನಿಟ್ಟಿನ ನಿಯಮ. ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ ಕೋಣೆ ಇರುತ್ತದೆ. ಕೆಲವು ಕಡೆ ಪರದೆಯೂ ಇರುತ್ತದೆ. ಶೂ ಬಾಗಿಲಲ್ಲೇ ಬಿಡಬೇಕು, ನಮ್ಮ ಮನೆಗಳ ಹಾಗೆ. ತಂಗುವ ಗೆಸ್ಟ್‌ಹೌಸ್‌ಗಳಲ್ಲೂ ಎಷ್ಟೋ ಕಡೆ ಹೀಗೇ, ಆದ್ದರಿಂದ ಒಂದು ಜೊತೆ ಹವಾಯಿ ಚಪ್ಪಲಿ ಇರಲಿ.

ಮಗಳಿಗೆ ಎಲ್ಲವೂ ಒಂದು ಜೊತೆ ಜಾಸ್ತಿ, ಮುಖ್ಯವಾಗಿ ಕೈಗವಸು ಮತ್ತು ಕಾಲುಚೀಲ. ಮಕ್ಕಳು ನೀರಿಗೆ ಕೈ ಹಾಕದೆ ಇರಲ್ಲ. ಟೋಪಿ ಕಿವಿ ಮುಚ್ಚಬೇಕು. ಅವಳ ಜಾಕೆಟ್ ಕೆಂಪು ಅಥವಾ ಹಳದಿ ಆಗಿದ್ದರೆ ಒಳ್ಳೆಯದು, ಮಂಜಿನಲ್ಲೂ ಕಾಣುತ್ತಾಳೆ. ರೇನಿಸ್‌ಫ್ಯಾರಾದ ಕಪ್ಪು ಮರಳಿನ ದಂಡೆಯಲ್ಲಂತೂ ಕೈ ಬಿಡಬೇಡಿ. ಅಲ್ಲಿ ಅಲೆ ಇದ್ದಕ್ಕಿದ್ದ ಹಾಗೆ ದೂರದವರೆಗೂ ಏರಿ ಬರುತ್ತದೆ, ಜನ ಕೊಚ್ಚಿಹೋಗಿದ್ದಾರೆ.

ಚಿಕ್ಕ ಚಿಕ್ಕವು: ಕಣ್ಣಿಗೆ ಕಟ್ಟುವ ಪಟ್ಟಿ, ಯಾಕೆಂದರೆ ಜುಲೈ ಮಧ್ಯದಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಹನ್ನೊಂದೂವರೆಯ ಹೊತ್ತಿಗೆ, ಆಮೇಲೂ ಪೂರ್ತಿ ಕತ್ತಲಾಗಲ್ಲ. ತಂಪು ಕನ್ನಡಕ. ಉತ್ತರದ ಮೀವತ್ನ್ ಸರೋವರಕ್ಕೆ ಮುಖಕ್ಕೆ ಹಾಕುವ ಸೊಳ್ಳೆಪರದೆ ಟೋಪಿ. ಆ ಹೆಸರಿನ ಅರ್ಥವೇ ನುಸಿಗಳ ಸರೋವರ, ಗಾಳಿ ನಿಂತರೆ ಮೂಗಿಗೆ ಬಾಯಿಗೆ ಹೋಗುತ್ತವೆ. ತಿಮಿಂಗಿಲ ನೋಡುವ ದೋಣಿಗಳಲ್ಲಿ ಸಾಮಾನ್ಯವಾಗಿ ಬೆಚ್ಚನೆಯ ಮೇಲುಡುಗೆ ಅವರೇ ಕೊಡುತ್ತಾರೆ, ಅದಕ್ಕಾಗಿ ಸುಮ್ನೆ ಏನೂ ಕೊಳ್ಳಬೇಡಿ.

ಸೂಟ್‌ಕೇಸ್ ತುಂಬುವಾಗ ಎಲ್ಲರ ಮಳೆ ಜಾಕೆಟ್, ಒಂದೊಂದು ಸ್ವೆಟರ್, ಒಂದೊಂದು ಜೊತೆ ಒಳಬಟ್ಟೆ ಕೈಚೀಲದಲ್ಲೇ ಇರಲಿ. ಭಾರತದಿಂದ ನೇರ ವಿಮಾನ ಇಲ್ಲ, ನಡುವೆ ಬದಲಾಯಿಸಲೇಬೇಕು. ಆಗ ಸೂಟ್‌ಕೇಸ್ ಹಿಂದೆ ಉಳಿಯುವುದುಂಟು. ಮಳೆ ಪ್ಯಾಂಟ್‌ಗಳನ್ನು ಕಾರಿನ ಡಿಕ್ಕಿಗೆ ಹಾಕಬೇಡಿ, ಕಾಲ ಬುಡದಲ್ಲೇ ಇಟ್ಟುಕೊಳ್ಳಿ. ನಿಲ್ಲಿಸಿದ ಜಾಗದಲ್ಲಿ ಮಳೆ ಬಂದರೆ ಒಳಗೇ ಕೂತು ಹಾಕಬಹುದು.

ದಿನಾ ಬೆಳಿಗ್ಗೆ ಐಸ್‌ಲ್ಯಾಂಡ್ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ ಬಟ್ಟೆ ಹಾಕಿ. ಗಾಳಿಯನ್ನು ಅಲ್ಲಿ ಸೆಕೆಂಡಿಗೆ ಇಷ್ಟು ಮೀಟರ್ ಅಂತ ಕೊಡುತ್ತಾರೆ. 15 ಅಂತಿದ್ದರೆ ಕಡಿಮೆ ಅಂದುಕೊಳ್ಳಬೇಡಿ, ಅದು ಗಂಟೆಗೆ 54 ಕಿ.ಮೀ. 20 ದಾಟಿದರೆ ನಾವು ಆ ದಿನದ ಓಡಾಟವನ್ನೇ ಬಿಟ್ಟಿದ್ದೇವೆ. ಕಾರಿನ ಬಾಗಿಲು ತೆಗೆಯುವಾಗ ಎರಡೂ ಕೈಯಲ್ಲಿ ಹಿಡಿದುಕೊಳ್ಳಿ. ಗಾಳಿ ಕಿತ್ತುಕೊಂಡು ಬಾಗಿಲನ್ನೇ ಬಗ್ಗಿಸುತ್ತದೆ, ಸಾಮಾನ್ಯ ವಿಮೆಯಲ್ಲಿ ಅದು ಬರಲ್ಲ. ಇನ್ನು ದಕ್ಷಿಣದಲ್ಲಿ ಮಳೆ ಅಂತ ಎಲ್ಲಾ ಕಡೆ ಮಳೆ ಅಂದುಕೊಳ್ಳಬೇಡಿ. ನಡುವಿನ ಬೆಟ್ಟ, ಹಿಮರಾಶಿ ದಾಟಿ ಉತ್ತರದ ಆಕುರೇರಿ ಕಡೆ ಹೋದರೆ ಆಗುಂಬೆಯಿಂದ ಚಿತ್ರದುರ್ಗಕ್ಕೆ ಬಂದ ಹಾಗೆ. ಅಲ್ಲಿ ನಾವು 20 ಡಿಗ್ರಿ ಬಿಸಿಲಿನಲ್ಲಿ ಅರ್ಧ ತೋಳಿನ ಅಂಗಿ ಹಾಕಿ ಐಸ್‌ಕ್ರೀಮ್ ತಿಂದಿದ್ದೇವೆ. ಎರಡು ತೆಳು ಟೀ ಶರ್ಟ್ ಖಂಡಿತ ಇರಲಿ.

ನಿಮ್ಮ ದಾರಿಯಲ್ಲಿ ಲಾಂಡ್‌ಮನ್ನಲೋಯ್ಗರ್ ಅಥವಾ ನಡುವಿನ ಎತ್ತರದ ಪ್ರದೇಶ ಇದೆಯಾ ತಿಳಿಸಿ. ಅಲ್ಲಿ ಜುಲೈನಲ್ಲೂ ಹಿಮ ಇರುತ್ತದೆ, ಶೂ ಮತ್ತು ಕೈಗವಸು ಬೇರೆ ಬೇಕಾಗುತ್ತದೆ. ಅಮ್ಮನ ಮಳೆ ಪ್ಯಾಂಟ್ ಮತ್ತು ಎರಡು ಥರ್ಮಲ್ ನಮ್ಮಲ್ಲೇ ಒಗೆದು ಇಟ್ಟಿದ್ದೇವೆ, ಮಧ್ಯಮ ಸೈಜ್. ಅತ್ತೆಗೆ ಆಗುವ ಹಾಗಿದ್ದರೆ ಬಂದು ತಗೊಂಡು ಹೋಗಿ.