ಸಾಮಾನು ತುಂಬಿದ ಕಾರಿನಲ್ಲಿ ಒಬ್ಬರೇ ನಾಲ್ಕು ರಾಜ್ಯ ದಾಟಿ ಹೊಸ ಮನೆಗೆ: ತಯಾರಿ ಹೇಗಿರಬೇಕು?

ನಿಮ್ಮ ಪ್ರಶ್ನೆಯ ಸಾರಾಂಶ ಇಷ್ಟು: ಸಣ್ಣ ಹ್ಯಾಚ್‌ಬ್ಯಾಕ್ ಕಾರು, ಹಿಂದಿನ ಸೀಟು ಮಡಚಿ ಸಾಮಾನು ತುಂಬುವ ಯೋಚನೆ, ಸುಮಾರು 1,800 ಕಿ.ಮೀ. ದಾರಿ, ಓಡಿಸಲು ನೀವೊಬ್ಬರೇ. ಮೂರು ದಿನದಲ್ಲಿ ಮುಗಿಸಬಹುದೇ, ಏನೇನು ನೋಡಿಕೊಳ್ಳಬೇಕು ಎಂದು ಕೇಳಿದ್ದೀರಿ.

ನಾಲ್ಕು ದಿನ ಇಟ್ಟುಕೊಳ್ಳಿ. ಇಲ್ಲಿ ದೂರಕ್ಕಿಂತ ತಲೆ ಕೆಡಿಸಿಕೊಳ್ಳಬೇಕಾದದ್ದು ಎರಡು: ಕಾರಿನ ಮೇಲಿನ ಭಾರ, ಪಕ್ಕದಲ್ಲಿ ಯಾರೂ ಇಲ್ಲದಿರುವುದು. "ಕಣ್ಣು ಮುಚ್ಚುತ್ತಿದೆ, ನಿಲ್ಲಿಸು" ಎನ್ನಲು ಜೊತೆಗೆ ಯಾರೂ ಇರುವುದಿಲ್ಲ. ಹಾಗಾಗಿ ದಾರಿಯಲ್ಲಿ ಮಾಡಬೇಕಾದ ತೀರ್ಮಾನಗಳನ್ನು ಹೊರಡುವ ಮೊದಲೇ ಮಾಡಿಟ್ಟುಕೊಳ್ಳಬೇಕು.

ಮೊದಲು ಭಾರದ ಲೆಕ್ಕ. ಕಾರಿನ ಕೈಪಿಡಿಯಲ್ಲಿ ಎರಡು ಅಂಕಿ ಇರುತ್ತವೆ: ಖಾಲಿ ಕಾರಿನ ತೂಕ, ಮತ್ತು ಎಲ್ಲ ಸೇರಿ ಮೀರಬಾರದ ಒಟ್ಟು ತೂಕ. ಒಂದರಿಂದ ಇನ್ನೊಂದನ್ನು ಕಳೆದರೆ ಹೇರಬಹುದಾದ ಭಾರ ಸಿಗುತ್ತದೆ. ಉದಾಹರಣೆಗೆ 1,380ರಲ್ಲಿ 960 ಹೋದರೆ 420 ಕೆಜಿ. ಇದರಲ್ಲಿ ನಿಮ್ಮ ತೂಕವೂ ಸೇರಿದೆ. ಸಾಲದೆಂದೇ ಅನಿಸುವುದಿಲ್ಲ, ಆದರೆ ಪುಸ್ತಕ ತುಂಬಿದ 40×30×30 ಸೆಂ.ಮೀ. ರಟ್ಟಿನ ಪೆಟ್ಟಿಗೆ ಒಂದೇ 20 ಕೆಜಿ ದಾಟುತ್ತದೆ. ಅಂಥ ಹತ್ತು ಪೆಟ್ಟಿಗೆ, ಒಂದು ಮಿಕ್ಸರ್, ಪಾತ್ರೆಗಳು, ನೀವು ಎಂದರೆ ಅದರ ಹೆಚ್ಚಿನ ಪಾಲು ಅಲ್ಲಿಗೇ ಮುಗಿಯಿತು. ಪುಸ್ತಕಗಳನ್ನು ಪಾರ್ಸೆಲ್ ಸರ್ವಿಸ್‌ನಲ್ಲಿ ಮೊದಲೇ ಕಳಿಸಿಬಿಡಿ. ಛಾವಣಿಯ ಕ್ಯಾರಿಯರ್ ಮೇಲೆ ಹೇರಬೇಡಿ ಎಂದೇ ನನ್ನ ಸಲಹೆ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಅದರ ಮಿತಿ ಕ್ಯಾರಿಯರ್ ಸೇರಿ 50ರಿಂದ 75 ಕೆಜಿ ಮಾತ್ರ, ಮೇಲೆ ಭಾರ ಇದ್ದಷ್ಟೂ ತಿರುವಿನಲ್ಲಿ ಕಾರು ಹೆಚ್ಚು ವಾಲುತ್ತದೆ, ಅಡ್ಡಗಾಳಿಗೆ ಎಳೆಯುತ್ತದೆ.

ಹಿಂದಿನ ಸೀಟನ್ನು ಮಡಚದೆ ಸಾಧ್ಯವಾದರೆ ಮಡಚಬೇಡಿ. ಡಿಕ್ಕಿಯ ಸಾಮಾನಿಗೂ ನಿಮ್ಮ ಬೆನ್ನಿಗೂ ನಡುವೆ ಇರುವ ಗೋಡೆ ಎಂದರೆ ಆ ಸೀಟಿನ ಬೆನ್ನು ಮಾತ್ರ. ಭಾರವಾದವನ್ನು ಡಿಕ್ಕಿಯ ತಳದಲ್ಲಿ, ಸೀಟಿನ ಬೆನ್ನಿಗೆ ಒತ್ತಿ ಇಡಿ. ಹಗುರವಾದ ಹಾಸಿಗೆ, ದಿಂಬು, ಬಟ್ಟೆ ಮೇಲೆ. ಹಿಂದೆ ಯಾರೂ ಕೂರುವುದಿಲ್ಲವಾದ್ದರಿಂದ ಅಲ್ಲಿನ ಎರಡು ಸೀಟ್ ಬೆಲ್ಟ್‌ಗಳನ್ನು ಅಡ್ಡಡ್ಡ ಎಳೆದು, ಬಲದ್ದನ್ನು ಎಡ ಬಕಲ್‌ಗೆ, ಎಡದ್ದನ್ನು ಬಲ ಬಕಲ್‌ಗೆ ಹಾಕಿ. ಹಿಂದಿನಿಂದ ಭಾರ ನುಗ್ಗಿದಾಗ ಸೀಟಿನ ಬೆನ್ನಿಗೆ ಅದು ಇನ್ನೊಂದು ಆಸರೆ. 50 ಕಿ.ಮೀ. ವೇಗದಲ್ಲಿ ಡಿಕ್ಕಿಯಾದರೆ ಬಿಡಿಯಾಗಿ ಬಿದ್ದಿರುವ 2 ಕೆಜಿಯ ಇಸ್ತ್ರಿ ಪೆಟ್ಟಿಗೆ ತನ್ನ ತೂಕದ ಹತ್ತಾರು ಪಟ್ಟು ಬಲದಿಂದ ಮುಂದಕ್ಕೆ ಬರುತ್ತದೆ. ಸಾಮಾನು ಸೀಟಿನ ಬೆನ್ನಿನ ಎತ್ತರ ದಾಟದಿದ್ದರೆ ಒಳಗಿನ ಕನ್ನಡಿಯಲ್ಲಿ ಹಿಂದಿನ ರಸ್ತೆಯೂ ಕಾಣುತ್ತದೆ.

ಪಕ್ಕದ ಸೀಟಿನಲ್ಲಿ ಬ್ಯಾಗ್ ಇಟ್ಟರೆ ಅದಕ್ಕೂ ಬೆಲ್ಟ್ ಹಾಕಿ. ನೀರಿನ ಬಾಟಲಿಯನ್ನು ಮಾತ್ರ ಬಾಗಿಲಿನ ಗೂಡಲ್ಲೋ ಕಪ್ ಹೋಲ್ಡರ್‌ನಲ್ಲೋ ಬಿಟ್ಟು ಬೇರೆಲ್ಲೂ ಇಡಬೇಡಿ. ಸೀಟಿನ ಮೇಲಿದ್ದ ಬಾಟಲಿ ಒಂದು ಜೋರು ಬ್ರೇಕಿಗೆ ಕೆಳಗೆ ಬೀಳುತ್ತದೆ, ಮುಂದಿನ ತಿರುವಿನಲ್ಲಿ ಉರುಳಿ ಚಾಲಕನ ಕಡೆ ಬರುತ್ತದೆ, ಬ್ರೇಕ್ ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಪೆಡಲ್ ಅರ್ಧದಲ್ಲೇ ನಿಲ್ಲುತ್ತದೆ.

ಎಲ್ಲರೂ ಮರೆಯುವುದು ಸ್ಟೆಪ್ನಿ. ಅದು ಡಿಕ್ಕಿಯ ನೆಲದಡಿ ಇರುವ ಕಾರಾದರೆ ಪಂಕ್ಚರ್ ಆದಾಗ ಇಡೀ ಸಂಸಾರವನ್ನು ರಸ್ತೆ ಬದಿಗೆ ಇಳಿಸಬೇಕಾಗುತ್ತದೆ, ಅದೂ ಒಬ್ಬರೇ. ಜಾಕ್, ವೀಲ್ ಸ್ಪ್ಯಾನರ್, ತ್ರಿಕೋನ ಫಲಕ, ಟಾರ್ಚ್, ಕೈಗವಸುಗಳನ್ನು ಹೊರಗೆ ತೆಗೆದು ಒಂದು ಚೀಲಕ್ಕೆ ಹಾಕಿ ಮುಂದಿನ ಪ್ಯಾಸೆಂಜರ್ ಸೀಟಿನ ಕಾಲಡಿ ಇಡಿ. ಜೊತೆಗೆ ಸಿಗರೇಟ್ ಲೈಟರ್ ಸಾಕೆಟ್‌ಗೆ ಹಾಕುವ ಗಾಳಿ ಪಂಪ್ ಕೂಡ. ಮೊಳೆ ಚುಚ್ಚಿದ ಟ್ಯೂಬ್‌ಲೆಸ್ ಟಯರ್ ಹೆಚ್ಚಾಗಿ ನಿಧಾನವಾಗಿ ಗಾಳಿ ಬಿಡುತ್ತದೆ. ಮೊಳೆಯನ್ನು ಕೀಳದೆ ಗಾಳಿ ತುಂಬಿ ಹತ್ತಿರದ ಪಂಕ್ಚರ್ ಅಂಗಡಿ ತಲುಪಬಹುದು. ಡಿಕ್ಕಿಯ ಮೇಲಿನ ಹೊರೆಯನ್ನು ಎರಡು ಮೂರು ದೊಡ್ಡ ಚೀಲಗಳಲ್ಲಿ ಕಟ್ಟಿದ್ದರೆ, ಸ್ಟೆಪ್ನಿ ಬೇಕೇ ಆದಾಗಲೂ ಬಿಡಿ ವಸ್ತುಗಳನ್ನು ಆಯಬೇಕಿಲ್ಲ. ಸ್ಟೆಪ್ನಿಯ ಗಾಳಿಯನ್ನೂ ಈಗಲೇ ನೋಡಿ. ಅಗಲ ಕಡಿಮೆ ಇರುವ ತಾತ್ಕಾಲಿಕ ಸ್ಟೆಪ್ನಿಯಾದರೆ ಸಾಮಾನ್ಯವಾಗಿ ಅದರ ಮೇಲೇ 80 ಕಿ.ಮೀ. ವೇಗಮಿತಿ ಬರೆದಿರುತ್ತದೆ.

ಟಯರ್ ಗಾಳಿ: ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಸ್ಟಿಕ್ಕರ್ ಇರುತ್ತದೆ (ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗೆ). ಅದರಲ್ಲಿ ಕಡಿಮೆ ಭಾರಕ್ಕೊಂದು, ಪೂರ್ಣ ಭಾರಕ್ಕೊಂದು ಅಂಕಿ ಕೊಟ್ಟಿದ್ದರೆ ಎರಡನೆಯದನ್ನೇ ಇಟ್ಟುಕೊಳ್ಳಿ. ಹಿಂದಿನ ಟಯರ್‌ಗಳಿಗೆ ಅದು ಹಲವು ಪಿಎಸ್‌ಐ ಹೆಚ್ಚಿರುತ್ತದೆ. ಅಳೆಯುವುದು ಕಾರು ಮೂರು ಗಂಟೆಯಾದರೂ ನಿಂತು ತಣ್ಣಗಾದ ಮೇಲೆ. ಓಡಿಸಿ ಬಿಸಿಯಾದಾಗ 4–5 ಪಿಎಸ್‌ಐ ಏರುವುದು ಸಹಜ, ಅದನ್ನು ಕಂಡು ಗಾಳಿ ಬಿಡಬೇಡಿ. ಟಯರ್ ಸಿಡಿಯುವುದಕ್ಕೆ ಹೆಚ್ಚು ಗಾಳಿಗಿಂತ ಕಡಿಮೆ ಗಾಳಿಯೇ ಹೆಚ್ಚು ಕಾರಣ: ಭಾರಕ್ಕೆ ಟಯರ್‌ನ ಪಕ್ಕೆ ಪ್ರತಿ ಸುತ್ತಿನಲ್ಲೂ ಮಡಚಿ ಬಿಚ್ಚಿ ಕಾಯುತ್ತದೆ, ಒಳಗಿನ ಪದರಗಳು ಬಿಡುತ್ತವೆ. ಪಕ್ಕೆಯ ಮೇಲಿನ ನಾಲ್ಕಂಕಿ ತಯಾರಾದ ದಿನಾಂಕ. 2319 ಎಂದರೆ 2019ರ 23ನೇ ವಾರ. ಆರು ವರ್ಷ ದಾಟಿ ಬಿರುಕು ಕಾಣುತ್ತಿದ್ದರೆ ಈ ಪ್ರಯಾಣಕ್ಕೆ ಅದನ್ನು ನಂಬಬೇಡಿ.

ಸರ್ವಿಸ್ ಹಿಂದಿನ ದಿನ ಮಾಡಿಸುವುದು ತಪ್ಪು. ಸಡಿಲ ಬಿಟ್ಟ ಪೈಪ್, ಸರಿಯಾಗಿ ಬಿಗಿಯದ ಬೋಲ್ಟ್ ಇದ್ದರೆ ಮೊದಲ ಇನ್ನೂರು ಕಿ.ಮೀ.ನಲ್ಲಿ ತಿಳಿಯಬೇಕು, ಅದು ನಿಮ್ಮ ಊರಲ್ಲೇ ತಿಳಿಯಲಿ. ಹತ್ತು ದಿನ ಮೊದಲೇ ಮಾಡಿಸಿ. ಚಕ್ರ ಬಿಚ್ಚಿದ್ದರೆ 50–100 ಕಿ.ಮೀ. ನಂತರ ನಟ್‌ಗಳನ್ನು ಮತ್ತೆ ಬಿಗಿ ನೋಡಿ. ಹೊರಡುವ ಹಿಂದಿನ ಸಂಜೆ ಪೂರ್ತಿ ಸಾಮಾನು ಹೇರಿ 30 ಕಿ.ಮೀ. ಓಡಿಸಿ. ಬ್ರೇಕ್ ಎಷ್ಟು ದೂರದಲ್ಲಿ ಹಿಡಿಯುತ್ತದೆ, ಗುಂಡಿಯಲ್ಲಿ ಹಿಂಬದಿ ತಳ ತಟ್ಟುತ್ತದೆಯೇ ಎಂಬುದು ಆಗಲೇ ಗೊತ್ತಾಗುತ್ತದೆ. ಘಾಟಿ ಇಳಿಯುವಾಗ ಹತ್ತುವ ಗೇರಿನಲ್ಲೇ ಇಳಿಯಿರಿ. ಈ ಭಾರಕ್ಕೆ ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇದ್ದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ.

ಇನ್ನು ನಿದ್ದೆ. 100 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 28 ಮೀಟರ್ ಹೋಗುತ್ತದೆ. ನಾಲ್ಕು ಸೆಕೆಂಡ್ ತೂಕಡಿಸಿದರೆ 110 ಮೀಟರ್ ಕಾರು ತನ್ನಷ್ಟಕ್ಕೆ ತಾನು ಓಡಿರುತ್ತದೆ. ದಣಿದ ತಲೆಗೆ ತಾನೆಷ್ಟು ದಣಿದಿದ್ದೇನೆಂದು ತಿಳಿಯುವುದಿಲ್ಲ, ಆದ್ದರಿಂದ "ನಿದ್ದೆ ಬಂದರೆ ನಿಲ್ಲಿಸುತ್ತೇನೆ" ಎಂಬುದು ಯೋಜನೆಯೇ ಅಲ್ಲ. ಎರಡು ಗಂಟೆಗೊಮ್ಮೆ 15 ನಿಮಿಷ ಕೆಳಗಿಳಿಯಿರಿ, ಚೆನ್ನಾಗಿಯೇ ಅನಿಸುತ್ತಿದ್ದರೂ. ದಿನಕ್ಕೆ 450–500 ಕಿ.ಮೀ. ಸಾಕು, ಮೊದಲ ದಿನ 400, ಏಕೆಂದರೆ ಮನೆ ಖಾಲಿ ಮಾಡಿದ ದಣಿವು ಮೈಯಲ್ಲಿರುತ್ತದೆ. ಬೆಳಿಗ್ಗೆ ಆರಕ್ಕೆ ಹೊರಟು ಕತ್ತಲಾಗುವ ಮೊದಲು ಉಳಿಯುವ ಜಾಗ ಸೇರಬೇಕು. ನಡುರಾತ್ರಿಯಿಂದ ಬೆಳಗಿನ ಆರರವರೆಗೂ, ಊಟದ ನಂತರ ಎರಡರಿಂದ ನಾಲ್ಕರವರೆಗೂ ದೇಹ ತಾನಾಗಿ ಮಂಕಾಗುತ್ತದೆ. ತೂಕಡಿಕೆ ಬಂದರೆ ಕಿಟಕಿ ಇಳಿಸುವುದರಿಂದ, ಹಾಡು ಜೋರು ಮಾಡುವುದರಿಂದ ಹೋಗುವುದಿಲ್ಲ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಒಂದು ಕಾಫಿ ಕುಡಿದು ತಕ್ಷಣ 20 ನಿಮಿಷ ಮಲಗಿ. ಕೆಫೀನ್ ಕೆಲಸ ಶುರು ಮಾಡಲು ಸುಮಾರು ಅಷ್ಟೇ ಹೊತ್ತು ಬೇಕು, ಏಳುವಾಗ ಎರಡೂ ಒಟ್ಟಿಗೆ ಒದಗುತ್ತವೆ. ಇದಾದ ಮೇಲೂ ಕಣ್ಣು ಎಳೆದರೆ ಅಂದಿನ ಓಟ ಅಲ್ಲಿಗೆ ಮುಗಿಸಿ.

ರಾತ್ರಿ ತಂಗುವಲ್ಲಿ ಡಿಕ್ಕಿ ಬಾಗಿಲು ತೆರೆಯದಷ್ಟು ಹತ್ತಿರ ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸಿ, ಸಾಮಾನಿಗೆ ಕಪ್ಪು ಬೆಡ್‌ಶೀಟ್ ಹೊದಿಸಿ. ಮೂಲ ದಾಖಲೆ, ಲ್ಯಾಪ್‌ಟಾಪ್, ಔಷಧಿ, ಎರಡು ಜೊತೆ ಬಟ್ಟೆ ಒಂದೇ ಬ್ಯಾಗಿನಲ್ಲಿದ್ದು ನಿಮ್ಮ ಜೊತೆ ರೂಮಿಗೆ ಬರಲಿ. ಮನೆಯವರಲ್ಲೊಬ್ಬರಿಗೆ ಲೈವ್ ಲೊಕೇಶನ್ ಕೊಟ್ಟಿರಿ, ಜೊತೆಗೆ "ಸಂಜೆ ಏಳರೊಳಗೆ ಮೆಸೇಜ್ ಬರದಿದ್ದರೆ ಫೋನ್ ಮಾಡಿ" ಎಂಬ ಒಪ್ಪಂದವೂ ಇರಲಿ. ನೆಟ್‌ವರ್ಕ್ ಇಲ್ಲದ ಕಡೆಗಾಗಿ ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಗ್ಯಾಸ್ ಸಿಲಿಂಡರ್, ಸ್ಪ್ರೇ ಡಬ್ಬಿಗಳನ್ನು ಒಯ್ಯಲೇಬೇಡಿ; ಬಿಸಿಲಲ್ಲಿ ನಿಂತ ಕಾರಿನ ಒಳಗಿನ ಶಾಖಕ್ಕೆ ಅವು ತಕ್ಕವಲ್ಲ.

ಡ್ಯಾಶ್‌ಬೋರ್ಡಿನ ಎಡಕ್ಕೋ ಬಲಕ್ಕೋ 0ಯಿಂದ ಶುರುವಾಗುವ ಅಂಕಿಗಳ ಚಿಕ್ಕ ಚಕ್ರವೊಂದಿದ್ದರೆ, ಅದು ಹೆಡ್‌ಲೈಟ್ ಎತ್ತರದ್ದು. ಹಿಂಬದಿ ತಗ್ಗಿದಾಗ ಮುಂಬದಿ ಎತ್ತಿ, ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ; ಕೈಪಿಡಿ ಹೇಳಿದಷ್ಟು ಇಳಿಸಿಕೊಳ್ಳಿ. ಹೊಸ ಮನೆಯಲ್ಲಿ ಸಾಮಾನು ಇಳಿಸಿದ ಮೇಲೆ ಈ ಚಕ್ರವನ್ನು ಮತ್ತೆ 0ಗೆ ತನ್ನಿ, ಮರುದಿನ ಬೆಳಿಗ್ಗೆ ಟಯರ್ ತಣ್ಣಗಿರುವಾಗ ಗಾಳಿಯನ್ನು ಎಂದಿನ ಅಂಕಿಗೆ ಇಳಿಸಿ.