ಪಾಂಡವಪುರದ ಅಣ್ಣನಿಗೆ: ತಾತನ ಟಗ್ ಹುಡುಕೋದು ಹೇಗೆ

ಅಣ್ಣಾ, ತಾತ ಕೆಲಸ ಮಾಡಿದ ಟಗ್ (ಬಂದರಿನಲ್ಲಿ ದೊಡ್ಡ ಹಡಗುಗಳನ್ನ ಎಳೆಯೋ ಸಣ್ಣ ಹಡಗು) ಯಾವುದು, ಆಮೇಲೆ ಅದು ಏನಾಯ್ತು ಅನ್ನೋ ನಿಮ್ಮ ಪ್ರಶ್ನೆ ಓದಿ ಬಹಳ ಖುಷಿಯಾಯ್ತು. ಈ ಗುಂಪಿನಲ್ಲಿ ನಾವು ರೋಡ್ ರೋಲರ್, ಆಲೆಮನೆ ಇಂಜಿನ್, ಹಳೇ ಟ್ರ್ಯಾಕ್ಟರ್ ಅಂತ ಮಾತಾಡ್ತಾ ಇರ್ತೀವಿ. ಟಗ್ ವಿಚಾರ ಬರೋದು ಅಪರೂಪ. ಮೈಸೂರಲ್ಲಿ ಕೂತು ಹಡಗಿನ ದಾಖಲೆ ಓದೋ ಹುಚ್ಚು ನನಗೆ ಮೊದಲಿಂದಲೂ ಇದೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೀತಿದ್ದೀನಿ.

ನೀವು ಹೇಳಿರೋದು ಇಷ್ಟು: ನಿಮ್ಮ ತಾತ 1950ರ ದಶಕದಲ್ಲಿ ಮುಂಬೈ ಬಂದರಿನಲ್ಲಿ ಕಲ್ಲಿದ್ದಲಿನ ಟಗ್ ಒಂದರಲ್ಲಿ ಫೈರ್‌ಮನ್, ಅಂದ್ರೆ ಬಾಯ್ಲರಿಗೆ ಕಲ್ಲಿದ್ದಲು ಹಾಕೋರು, ಆಗಿದ್ರು. ಮನೇಲಿ ಒಂದು ಫೋಟೋ ಇದೆ. ಅದರಲ್ಲಿ ಹೆಸರಿನ ಮೊದಲ ಎರಡು ಇಂಗ್ಲಿಷ್ ಅಕ್ಷರ, ಎಸ್ ಮತ್ತು ಐ, ಮಾತ್ರ ಕಾಣುತ್ತೆ. ಒಂದು ಹಿತ್ತಾಳೆ ಪ್ಲೇಟಿದೆ, ಅದರ ಮೇಲೆ ಪೇಯ್ಸ್ಲಿ ಅನ್ನೋ ಊರಿನ ಹೆಸರು ಓದೋಕೆ ಬರುತ್ತೆ, ಇಸವಿಯ ಕೊನೆ ಅಂಕಿ 8, ಉಳಿದದ್ದು ಸವೆದಿದೆ. ಆ ಟಗ್ ಆಮೇಲೆ ಮಂಗಳೂರಿಗೆ ಹೋಯ್ತು ಅಂತ ನಿಮ್ಮ ಚಿಕ್ಕಪ್ಪ ಹೇಳ್ತಾರೆ.

ಮೊದಲನೇ ಮಾತು, ಹೆಸರಿನ ಹಿಂದೆ ಹೋಗಬೇಡಿ, ನಂಬರಿನ ಹಿಂದೆ ಹೋಗಿ. ಬ್ರಿಟಿಷರ ಕಾಲದಲ್ಲಿ ಬಂದರಿನ ಟಗ್‌ಗಳಿಗೆ ಗವರ್ನರ್, ದೊಡ್ಡ ಅಧಿಕಾರಿಗಳ ಹೆಸರಿಡೋ ರೂಢಿ ಇತ್ತು. ಎಸ್, ಐ ಅಂದ್ರೆ ‘ಸರ್’ ಅಂತ ಶುರುವಾಗೋ ಹೆಸರೂ ಆಗಿರಬಹುದು. ಮಾಲೀಕ ಬದಲಾದಾಗಲೆಲ್ಲ ಹೆಸರು ಬದಲಾಗಬಹುದು, ಒಂದೇ ಹೆಸರಿನ ಟಗ್ ಬೇರೆ ಬೇರೆ ಬಂದರಲ್ಲಿ ಇರಬಹುದು. ಗಾಡಿಗೆ ನಂಬರ್ ಪ್ಲೇಟ್ ಬದಲಾದ್ರೂ ಚಾಸಿ ನಂಬರ್ ಉಳಿಯೋ ಹಾಗೆ, ಹಡಗಿಗೂ ಉಳಿಯೋ ನಂಬರುಗಳಿವೆ. ಹಡಗು ಕಟ್ಟಿದ ಕಾರ್ಖಾನೆ, ಅಂದ್ರೆ ಯಾರ್ಡು, ಕೊಟ್ಟ ನಂಬರ್ ಒಂದು, ನೋಂದಣಿ ಮಾಡಿಸಿದಾಗ ಸಿಗೋ ಅಧಿಕೃತ ಸಂಖ್ಯೆ ಇನ್ನೊಂದು, ಹಡಗುಗಳ ಪಟ್ಟಿ ಪ್ರಕಟಿಸೋ ಲಂಡನ್ನಿನ ಲಾಯ್ಡ್ಸ್ ರಿಜಿಸ್ಟರ್ ಸಂಸ್ಥೆಯವರು 1960ರ ದಶಕದಲ್ಲಿ ಕೊಡೋಕೆ ಶುರುಮಾಡಿದ ಏಳಂಕಿಯದು ಮತ್ತೊಂದು. ಇದರಲ್ಲಿ ಯಾವುದಾದ್ರೂ ಒಂದು ಸಿಕ್ಕಿದ್ರೆ ಅರ್ಧ ಕೆಲಸ ಮುಗೀತು.

ಹಾಗಾಗಿ ಪ್ಲೇಟಿಂದಲೇ ಶುರುಮಾಡಿ. ದಯವಿಟ್ಟು ಅದಕ್ಕೆ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಬೇಡಿ. ಮನೇಲಿ ಹಬ್ಬಕ್ಕೆ ದೀಪದ ಕಂಬ ತೊಳೆದಂಗೆ ತೊಳೆಯೋಣ ಅನ್ಸುತ್ತೆ, ಆದ್ರೆ ಸವೆದ ಅಂಕಿಯ ಅಂಚು ಅಲ್ಲೇ ಹೊರಟುಹೋಗುತ್ತೆ. ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿ ಒಣಗಿಸಿ, ಅಷ್ಟೇ ಸಾಕು. ರಾತ್ರಿ ಕೋಣೆಯ ಲೈಟು ಆರಿಸಿ, ಟಾರ್ಚನ್ನ ಪ್ಲೇಟಿನ ಪಕ್ಕಕ್ಕೇ ಮಲಗಿಸಿ ಬೆಳಕು ಅಡ್ಡಡ್ಡ ಹಾಯೋ ಹಾಗೆ ಬಿಡಿ. ನೇರ ಬೆಳಕಲ್ಲಿ ಕಾಣದ ಗೆರೆಗೆ ನೆರಳು ಬೀಳುತ್ತೆ. ಟಾರ್ಚನ್ನ ನಾಲ್ಕೂ ದಿಕ್ಕಿಂದ ಇಟ್ಟು ಫೋನಲ್ಲಿ ಫೋಟೋ ತೆಗೀರಿ, 3 ಮತ್ತು 8ರ ಗೊಂದಲ ಇದರಲ್ಲೇ ಬಗೆಹರಿಯೋದು ಜಾಸ್ತಿ. ಅದೂ ಆಗಲಿಲ್ಲ ಅಂದ್ರೆ ಬಟರ್ ಪೇಪರ್ ಮೇಲಿಟ್ಟು ಮೆತ್ತನೆ ಪೆನ್ಸಿಲ್ಲನ್ನ ಮಲಗಿಸಿ ನಿಧಾನವಾಗಿ ಉಜ್ಜಿ. ಪ್ಲೇಟಿನ ಹಿಂಭಾಗವನ್ನೂ ನೋಡಿ, ಅಲ್ಲಿ ಪಂಚ್ ಹೊಡೆದ ಗುರುತು ಇರೋದುಂಟು.

ಇನ್ನೊಂದು ಎಚ್ಚರಿಕೆ ಇದೆ. ಅದು ಹಡಗಿನ ಪ್ಲೇಟೋ, ಇಂಜಿನ್ನಿನ ಪ್ಲೇಟೋ ಅಂತ ಮೊದಲು ತೀರ್ಮಾನ ಆಗಬೇಕು. ಕೆಲವು ಯಾರ್ಡುಗಳು ಒಡಲನ್ನೂ ಇಂಜಿನ್ನನ್ನೂ ತಾವೇ ಮಾಡ್ತಿದ್ವು, ಎರಡಕ್ಕೂ ಬೇರೆ ಬೇರೆ ನಂಬರ್. ಫೈರ್‌ಮನ್ ಆಗಿದ್ದವರ ಕೈಗೆ ಇಂಜಿನ್ ಕೋಣೆಯ ಪ್ಲೇಟು ಬಂದಿರೋ ಸಾಧ್ಯತೆ ಹೆಚ್ಚು ಅಂತ ನನ್ನ ಲೆಕ್ಕ. ಎಂಜಿನಿಯರ್ಸ್ ಅಂತಲೋ, ಇಂಜಿನ್ ನಂಬರ್ ಅಂತಲೋ ಇದ್ರೆ ಆ ಅಂಕಿಯನ್ನ ಒಡಲಿನ ನಂಬರ್ ಅಂತ ಹುಡುಕಿದ್ರೆ ದಾರಿ ತಪ್ಪುತ್ತೆ.

ಪೇಯ್ಸ್ಲಿ ಅನ್ನೋದು ಸ್ಕಾಟ್ಲೆಂಡಿನಲ್ಲಿ ಗ್ಲಾಸ್ಗೋ ಪಕ್ಕದ ಊರು, ವೈಟ್ ಕಾರ್ಟ್ ಅನ್ನೋ ಸಣ್ಣ ನದಿಯ ದಡದಲ್ಲಿದೆ. ದೊಡ್ಡ ಹಡಗು ಕಟ್ಟೋಕೆ ಅಲ್ಲಿ ಜಾಗ ಸಾಲದು. ಅದಕ್ಕೇ ಅಲ್ಲಿನ ಯಾರ್ಡುಗಳು ಟಗ್, ಡ್ರೆಡ್ಜರ್ (ಹೂಳೆತ್ತೋ ಹಡಗು) ತರದ ಕೆಲಸದ ಹಡಗುಗಳಿಗೇ ಹೆಸರಾದವು. ನಿಮ್ಮ ವಿಚಾರಕ್ಕೆ ಮುಖ್ಯವಾದವು ಎರಡು: ಬೋ ಮೆಕ್ಲಾಕ್ಲನ್, ಫ್ಲೆಮಿಂಗ್ ಅಂಡ್ ಫರ್ಗುಸನ್. ಬೋ ಮೆಕ್ಲಾಕ್ಲನ್ 1930ರ ದಶಕದ ಆರಂಭದಲ್ಲೇ ಬಾಗಿಲು ಹಾಕ್ತು, ಇನ್ನೊಂದು 1960ರ ದಶಕದ ಕೊನೆವರೆಗೂ ನಡೀತು. ಅಂದ್ರೆ ನಿಮ್ಮ ಪ್ಲೇಟಿನ ಇಸವಿ 1928 ಆದ್ರೆ ಎರಡರಲ್ಲಿ ಯಾವುದಾದ್ರೂ ಇರಬಹುದು. 1938 ಅಥವಾ 1948 ಆದ್ರೆ ಬೋ ಮೆಕ್ಲಾಕ್ಲನ್ ಪಟ್ಟಿಯಿಂದ ಹೊರಗೆ. ಒಂದೇ ಒಂದು ಅಂಕಿ ಓದೋಕೆ ಯಾಕೆ ಇಷ್ಟು ಒದ್ದಾಡಿ ಅಂತಿದ್ದೀನಿ ಅನ್ನೋದು ಇದಕ್ಕೇ.

ಯಾರ್ಡು ಗೊತ್ತಾದ ಮೇಲೆ ಸ್ಕಾಟಿಷ್ ಬಿಲ್ಟ್ ಶಿಪ್ಸ್ ಅನ್ನೋ ಉಚಿತ ಜಾಲತಾಣಕ್ಕೆ ಹೋಗಿ. ಯಾರ್ಡು, ಇಸವಿ, ಮಾಲೀಕರು ಇವುಗಳ ಮೇಲೆ ಹುಡುಕಬಹುದು. ಮಾಲೀಕರ ಜಾಗದಲ್ಲಿ ಬಾಂಬೆ ಪೋರ್ಟ್ ಟ್ರಸ್ಟ್ ಅಂತ ಹಾಕಿ ನೋಡಿ, ಆ ಸಂಸ್ಥೆ 1873ರಿಂದ ಇದೆ. ಸಾಮಾನ್ಯವಾಗಿ ಅಲ್ಲಿ ಟಗ್‌ನ ಕೊನೆಯ ಗತಿ ಕೂಡ ಒಂದು ಸಾಲಲ್ಲಿ ಕೊಟ್ಟಿರ್ತಾರೆ: ಒಡೆದ ವರ್ಷ, ಮುಳುಗಿದ ಜಾಗ, ಮಾರಿದ ವಿವರ, ಹೀಗೆ. ಆದ್ರೆ ಭಾರತಕ್ಕೆ ಬಂದ ಸಣ್ಣ ಹಡಗುಗಳ ವಿಚಾರದಲ್ಲಿ ಆ ಸಾಲು ಖಾಲಿ ಇರೋದೇ ಹೆಚ್ಚು. ಖಾಲಿ ಕಂಡು ಬೇಜಾರಾಗಬೇಡಿ.

ಅದರ ಜೊತೆಗೆ ಲಾಯ್ಡ್ಸ್ ರಿಜಿಸ್ಟರಿನ ಹಳೇ ಸಂಪುಟಗಳು. ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಆಗಿ ಉಚಿತವಾಗಿ ಸಿಗುತ್ತೆ. ಹಡಗುಗಳು ಹೆಸರಿನ ಅಕ್ಷರ ಕ್ರಮದಲ್ಲಿರುತ್ತವೆ, ಹಾಗಾಗಿ ಎಸ್, ಐ ಇರೋ ಪುಟಗಳನ್ನ ಮಾತ್ರ ತಿರುವಿದ್ರೆ ಸಾಕು. 100 ಟನ್‌ಗಿಂತ ಕಡಿಮೆ ಇರೋ ಟಗ್ ಅದರಲ್ಲಿ ಸಿಗಲ್ಲ ಅನ್ನೋದು ನೆನಪಿರಲಿ. ಸಾಲು ನೋಡಿದ ಕೂಡಲೇ ತಲೆ ತಿರುಗುತ್ತೆ, ಎಲ್ಲಾ ಸಂಕ್ಷಿಪ್ತ. ನೀವು ನೋಡಬೇಕಾದದ್ದು ಉದ್ದ, ಅಗಲ, ಆಳ, ಕಟ್ಟಿದ ಇಸವಿ, ಯಾರ್ಡು, ಮತ್ತೆ ಇಂಜಿನ್ನಿನ ಕಾಲಂ. ಅಲ್ಲಿ ಟಿ ಅಂತ ಇದ್ದು ಮುಂದೆ 3 ಸಿವೈ ಅಂತ ಇದ್ರೆ ಮೂರು ಸಿಲಿಂಡರಿನ ಟ್ರಿಪಲ್ ಎಕ್ಸ್‌ಪಾನ್ಷನ್ ಸ್ಟೀಮ್ ಇಂಜಿನ್. ಅಂದ್ರೆ ಒಂದೇ ಹಬೆಯನ್ನ ಸಣ್ಣ ಸಿಲಿಂಡರ್, ನಡುವಿನದು, ದೊಡ್ಡದು ಅಂತ ಮೂರು ಸಲ ದುಡಿಸೋದು. ಪಕ್ಕದ ಅಂಕಿಗಳು ಆ ಮೂರು ಸಿಲಿಂಡರಿನ ಅಗಲ, ಅಡ್ಡಗೆರೆ ಆದ್ಮೇಲೆ ಇರೋದು ಸ್ಟ್ರೋಕ್, ಅಂದ್ರೆ ಪಿಸ್ಟನ್ ಓಡೋ ದೂರ, ಎಲ್ಲಾ ಇಂಚಿನಲ್ಲಿ. ನಿಮ್ಮ ತಾತ ಕಲ್ಲಿದ್ದಲು ಹಾಕಿದ್ದು ಯಾವ ಇಂಜಿನ್ನಿಗೆ ಅಂತ ಆ ಒಂದು ಸಾಲಲ್ಲಿ ಗೊತ್ತಾಗುತ್ತೆ.

ಏಳಂಕಿಯ ನಂಬರಿನ ಬಗ್ಗೆ ಒಂದು ಉಪಯೋಗದ ವಿಚಾರ. ಆ ಪದ್ಧತಿ ಶುರುವಾದಾಗ ಆಗಲೇ ಓಡ್ತಿದ್ದ ಹಡಗುಗಳಿಗೆ 5ರಿಂದ ಶುರುವಾಗೋ ನಂಬರನ್ನ ಹೆಸರಿನ ಅಕ್ಷರ ಕ್ರಮದಲ್ಲೇ ಕೊಟ್ರು. ಹಾಗಾಗಿ 5ರ ನಂಬರ್ ಸಿಕ್ಕಿದ್ರೆ, ಆ ಹಡಗಿಗೆ ಆಗ ಇದ್ದ ಹೆಸರು ಯಾವ ಅಕ್ಷರದ ಆಸುಪಾಸಿನದು ಅಂತ ಅಂದಾಜಾಗುತ್ತೆ. 1987ರಲ್ಲಿ ಅಂತರರಾಷ್ಟ್ರೀಯ ಕಡಲ ಸಂಸ್ಥೆ ಇದೇ ನಂಬರುಗಳನ್ನ ಐಎಂಒ ಸಂಖ್ಯೆ ಅಂತ ತಗೊಂಡ್ತು. ಎಲ್ಲಾದ್ರೂ ಅಂತ ನಂಬರ್ ಸಿಕ್ಕಿದ್ರೆ ಸರಿ ಬರೆದಿದ್ದಾರಾ ಅಂತ ನೀವೇ ಪರೀಕ್ಷೆ ಮಾಡಬಹುದು. ಮೊದಲ ಆರು ಅಂಕಿಗಳನ್ನ ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿ, ಮೊತ್ತದ ಕೊನೆ ಅಂಕಿ ಏಳನೇ ಅಂಕಿ ಆಗಿರಬೇಕು. 9074729 ತಗೊಳ್ಳಿ: 63, 0, 35, 16, 21, 4, ಒಟ್ಟು 139. ಕೊನೆಗೆ 9, ಸರಿಯಾಯ್ತು.

ಈಗ ಫೋಟೋ. ದಪ್ಪ ಕೊಕ್ಕೆ ಎಲ್ಲಿದೆ ನೋಡಿ. ಹಳೇ ಟಗ್‌ಗಳಲ್ಲಿ ಎಳೆಯೋ ಕೊಕ್ಕೆ ಹಿಂತುದಿಯಲ್ಲಿ ಇರಲ್ಲ, ನಡುಮಧ್ಯಕ್ಕಿಂತ ಸ್ವಲ್ಪ ಹಿಂದೆ ಇರುತ್ತೆ. ಹಿಂತುದಿಯನ್ನ ಹಗ್ಗ ಹಿಡಿದುಕೊಂಡ್ರೆ ಟಗ್‌ಗೆ ತಿರುಗೋಕೆ ಆಗಲ್ಲ, ಅದಕ್ಕೆ. ಅದೇ ಕಾರಣಕ್ಕೆ ಹಗ್ಗ ಅಡ್ಡಕ್ಕೆ ಬಂದು ಜಗ್ಗಿದ್ರೆ ಟಗ್ ಮಗುಚೋ ಅಪಾಯವೂ ಇತ್ತು. ಹಿಂಭಾಗದ ಡೆಕ್ಕಿನ ಮೇಲೆ ಕಮಾನಿನ ತರ ಎಷ್ಟು ಕಂಬಿಗಳಿವೆ, ಹೊಗೆಕೊಳವೆ ಒಂದೋ ಎರಡೋ, ಅದರ ಮೇಲೆ ಬಣ್ಣದ ಪಟ್ಟಿ ಹೇಗಿದೆ, ಇವೆಲ್ಲ ಬರೆದಿಟ್ಕೊಳ್ಳಿ. ಕೊಳವೆಯ ಪಟ್ಟಿ ಮಾಲೀಕರ ಗುರುತು. ಡೆಕ್ಕಿನ ಮೇಲೆ ಯಾರಾದ್ರೂ ನಿಂತಿದ್ರೆ ಅವರ ಎತ್ತರ ಐದೂವರೆ ಅಡಿ ಅಂತ ಹಿಡಿದು, ಅದೇ ಅಳತೆಯಲ್ಲಿ ಟಗ್ ಉದ್ದ ಅಂದಾಜು ಮಾಡಿ. 60 ಅಡಿಯದೋ 120 ಅಡಿಯದೋ ಅಂತ ಗೊತ್ತಾದ್ರೂ ರಿಜಿಸ್ಟರಿನ ಎಷ್ಟೋ ಸಾಲು ಹೊಡೆದುಹಾಕಬಹುದು.

ಎರಡನೇ ಮಹಾಯುದ್ಧದ ಟಗ್ ಇರಬಹುದಾ ಅಂತ ಕೆಳಗೆ ಒಬ್ಬರು ಕೇಳಿದ್ದಾರೆ. ಬ್ರಿಟನ್ನಿನವರು ಯುದ್ಧಕಾಲದಲ್ಲಿ ಟಿಐಡಿ ಅಂತ 54 ಟನ್ನಿನ 182 ಟಗ್ ಕಟ್ಟಿದ್ರು, ಬಿಡಿ ಭಾಗಗಳನ್ನ ಬೇರೆ ಕಡೆ ಮಾಡಿ ತಂದು ಜೋಡಿಸಿದಂಥವು. ಅವಕ್ಕೆ ಹೆಸರಿನ ಬದಲು ನಂಬರ್ ಇತ್ತು. ಪೇಯ್ಸ್ಲಿ ಪ್ಲೇಟು, 8ಕ್ಕೆ ಮುಗಿಯೋ ಇಸವಿ ಎರಡೂ ಇದಕ್ಕೆ ಕೂಡಿಬರಲ್ಲ, ಹಾಗಾಗಿ ಆ ಕಡೆ ಹೋಗೋದು ಬೇಡ. ಯುದ್ಧ ಅಂದಾಗ ಇನ್ನೊಂದು ದಿನಾಂಕ ಮಾತ್ರ ಗಮನದಲ್ಲಿರಲಿ. 1944ರ ಏಪ್ರಿಲ್ 14ರಂದು ಮುಂಬೈನ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೈನ್ ಹಡಗು ಸಿಡಿದು ಬಂದರಿನ ದೊಡ್ಡ ಭಾಗ ಹಾಳಾಯ್ತು. ನಿಮ್ಮ ತಾತ 1950ರ ದಶಕದಲ್ಲಿ ಕೆಲಸ ಮಾಡಿದ್ದು ನಿಜ ಆದ್ರೆ, ಅವರ ಟಗ್ ಅದರಲ್ಲಿ ಉಳಿದದ್ದು, ಇಲ್ಲವೇ ಆಮೇಲೆ ಬಂದದ್ದು.

ಮಂಗಳೂರಿನ ಮಾತಿಗೆ ಬರೋಣ. ಚಿಕ್ಕಪ್ಪನ ಮಾತನ್ನ ತಳ್ಳಿಹಾಕೋ ಹಾಗಿಲ್ಲ, ಆದ್ರೆ ಇಸವಿ ಕೇಳಬೇಕು. ಪಣಂಬೂರಿನ ನವ ಮಂಗಳೂರು ಬಂದರಿನ ಕೆಲಸ ಶುರುವಾಗಿದ್ದೇ 1960ರ ದಶಕದಲ್ಲಿ. ದೊಡ್ಡ ಬಂದರು ಅಂತ ಘೋಷಣೆ ಆಗಿದ್ದು 1974ರ ಮೇ 4ರಂದು, ಇಂದಿರಾ ಗಾಂಧಿ ಬಂದು ಉದ್ಘಾಟನೆ ಮಾಡಿದ್ದು 1975ರ ಜನವರಿಯಲ್ಲಿ. ಅದಕ್ಕೆ ಮುಂಚೆ ಇದ್ದದ್ದು ಗುರುಪುರ ನದಿ ಕಡೆಯ ಹಳೇ ಬಂದರು. ದೊಡ್ಡ ಹಡಗು ದೂರದಲ್ಲೇ ನಿಂತು ದೋಣಿಯಲ್ಲಿ ಸರಕು ಇಳಿಸ್ತಿದ್ದ ಜಾಗ ಅದು. ‘ಯಾವ ಇಸವಿ’ ಅಂತ ಕೇಳಿದ್ರೆ ಚಿಕ್ಕಪ್ಪನಿಗೆ ನೆನಪಾಗದೇ ಇರಬಹುದು. ಆಗ ಮನೇಲಿ ಯಾರ ಮದುವೆ ಆಗಿತ್ತು, ಯಾರು ಎಷ್ಟನೇ ಕ್ಲಾಸಲ್ಲಿದ್ರು ಅಂತ ಕೇಳಿ. 1960ರ ದಶಕದಿಂದ ಈಚೆಗೆ ಅಂದ್ರೆ ಹಳೇ ಟಗ್ಗನ್ನ ಬಂದರು ಕಟ್ಟೋ ಕೆಲಸಕ್ಕೆ ತಂದಿರಬಹುದು. ಅದಕ್ಕೂ ಹಿಂದೆ ಅಂದ್ರೆ ನನಗೆ ಅನುಮಾನ.

‘ಅಲಂಗ್‌ನಲ್ಲಿ ಗುಜರಿ ಆಗಿರುತ್ತೆ ಬಿಡಿ’ ಅಂತ ಮೇಲೆ ಒಬ್ಬರು ಬರೆದಿರೋದನ್ನ ನಾನು ಒಪ್ಪಲ್ಲ. ಗುಜರಾತಿನ ಅಲಂಗ್ ಶುರುವಾಗಿದ್ದು 1983ರಲ್ಲಿ, ಅದೂ ದೊಡ್ಡ ಉಬ್ಬರದಲ್ಲಿ ದೊಡ್ಡ ಹಡಗನ್ನ ದಡಕ್ಕೆ ನುಗ್ಗಿಸಿ ಒಡೆಯೋ ಜಾಗ. ಮುಂಬೈ ಬಂದರಿನ ಸಣ್ಣ ಹಳೇ ಟಗ್ ಅಷ್ಟು ದೂರ ಯಾಕೆ ಹೋಗುತ್ತೆ? ಪಕ್ಕದಲ್ಲೇ ದಾರುಖಾನಾ ಇದೆ, ಮುಂಬೈನ ಪೂರ್ವ ದಡದಲ್ಲಿ ಹಡಗು ಒಡೆಯೋ ಹಳೇ ಜಾಗ. ಗುಜರಿಗೇ ಹೋಗಿದ್ರೆ ನನ್ನ ಮೊದಲ ಊಹೆ ಅದು. ಗುಜರಿಗೆ ಹೋಗದೇ ಡ್ರೆಡ್ಜಿಂಗ್ ಮಾಡಿಸೋರೋ, ಬಾರ್ಜ್ ಓಡಿಸೋರೋ ಕೊಂಡು, ಬಾಯ್ಲರ್ ಕಿತ್ತು ಡೀಸೆಲ್ ಇಂಜಿನ್ ಕೂರಿಸಿರೋದೂ ಸಾಧ್ಯ. ಹಾಗೆ ಆಗಿದ್ರೆ ಆಕಾರ ನೋಡಿ ಗುರುತು ಹಿಡಿಯೋದು ಕಷ್ಟ, ಆದ್ರೆ ನೋಂದಾಯಿಸಿದ ಹಡಗಿನ ಮುಖ್ಯ ತೊಲೆಯಲ್ಲಿ ಅಧಿಕೃತ ಸಂಖ್ಯೆಯನ್ನ ಕೊರೆದಿರಬೇಕು ಅನ್ನೋ ನಿಯಮ ಇದೆ. ಬಣ್ಣದ ಪದರಗಳ ಕೆಳಗೆ ಅದು ಹಾಗೇ ಇರುತ್ತೆ. ಹಡಗುಗಳ ಓಡಾಟ ತೋರಿಸೋ ಜಾಲತಾಣಗಳಲ್ಲಿ ಕಾಣಲಿಲ್ಲ ಅಂತ ಟಗ್ ಇಲ್ಲ ಅಂದ್ಕೋಬೇಡಿ, ಮೂಲೆಯಲ್ಲಿ ಕಟ್ಟಿಹಾಕಿದ ಹಳೇ ಹಡಗು ಸಿಗ್ನಲ್ ಕಳಿಸಲ್ಲ.

ಬಂದರಿನಿಂದ ಟಗ್ ಹೊರಗೆ ಹೋದ ದಾಖಲೆ ಕೇಳೋಕೆ ಒಂದು ದಾರಿ ಮಾಹಿತಿ ಹಕ್ಕು. ಪೋರ್ಟ್ ಟ್ರಸ್ಟ್ ಈಗ ಮುಂಬೈ ಬಂದರು ಪ್ರಾಧಿಕಾರ, ಕೇಂದ್ರ ಸರ್ಕಾರದ್ದು. ಆನ್‌ಲೈನಲ್ಲೇ ಅರ್ಜಿ ಹಾಕಬಹುದು, ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ‘ನನ್ನ ತಾತನ ಟಗ್ ಎಲ್ಲಿದೆ’ ಅಂತ ಕೇಳಿದ್ರೆ ‘ಮಾಹಿತಿ ಲಭ್ಯವಿಲ್ಲ’ ಅಂತ ಒಂದು ಸಾಲು ಬರುತ್ತೆ. ಇರೋ ಕಾಗದದ ಹೆಸರು ಹಿಡಿದು ಕೇಳಿ: 1950ರಿಂದ 1970ರವರೆಗಿನ ವಾರ್ಷಿಕ ಆಡಳಿತ ವರದಿಗಳಲ್ಲಿ ಬಂದರಿನ ಟಗ್‌ಗಳ ಪಟ್ಟಿ ಇರೋ ಪುಟಗಳ ನಕಲು, ಮತ್ತು ಅದೇ ಅವಧಿಯಲ್ಲಿ ಕೆಲಸದಿಂದ ತೆಗೆದು ಹರಾಜು ಹಾಕಿದ ಸ್ಟೀಮ್ ಟಗ್‌ಗಳ ಹೆಸರು, ದಿನಾಂಕ, ಕೊಂಡವರು. ಅವರಲ್ಲಿ ಇಲ್ಲದೇ ಬೇರೆ ಸರ್ಕಾರಿ ಕಚೇರಿಯಲ್ಲಿ ಇದ್ರೆ ಅರ್ಜಿಯನ್ನ ಅಲ್ಲಿಗೆ ಅವರೇ ವರ್ಗಾಯಿಸಬೇಕು ಅಂತ ಕಾಯ್ದೆಯ 6(3)ರಲ್ಲಿದೆ, ಅದನ್ನೂ ಅರ್ಜಿಯ ಕೊನೇಲಿ ಬರೆಯಿರಿ.

ಅರ್ಜಿ ಹಾಕೋಕೆ ಮುಂಚೆ ಮನೆಯ ಟ್ರಂಕು ಒಂದ್ಸಲ ಪೂರ್ತಿ ನೋಡಿ. ತಾತ ಪೋರ್ಟ್ ಟ್ರಸ್ಟಿನ ನೌಕರರಾಗಿದ್ರೆ ಪಿಂಚಣಿ ಅಥವಾ ಪಿಎಫ್ ಕಾಗದದಲ್ಲಿ ಅವರ ನೌಕರಿ ನಂಬರ್ ಇರುತ್ತೆ, ಅದನ್ನ ಕೊಟ್ರೆ ಸೇವಾ ಪುಸ್ತಕದ ನಕಲು ಕೇಳಬಹುದು. ಕಡಲಿಗೆ ಹೋಗೋ ಹಡಗಿನಲ್ಲೂ ಸ್ವಲ್ಪ ಕಾಲ ಇದ್ರೆ ಸಿಡಿಸಿ ಅನ್ನೋ ನಾವಿಕರ ಸೇವೆಯ ಸಣ್ಣ ಪುಸ್ತಕ ಇರುತ್ತೆ, ಅದರಲ್ಲಿ ಕೆಲಸ ಮಾಡಿದ ಹಡಗಿನ ಹೆಸರು, ಅಧಿಕೃತ ಸಂಖ್ಯೆ ಬರೆದಿರ್ತಾರೆ. ಫೋಟೋದ ಹಿಂದೆ ಸ್ಟುಡಿಯೋ ಸೀಲು ಇದೆಯಾ ಅಂತಲೂ ನೋಡಿ, ಅಂಟಿಸಿದ್ರೆ ಕೀಳಬೇಡಿ.

ಟಾರ್ಚ್ ಬೆಳಕಲ್ಲಿ ತೆಗೆದ ಚಿತ್ರಗಳನ್ನ ಕುಗ್ಗಿಸದೇ ಇಲ್ಲಿ ಹಾಕಿ. ವಾಟ್ಸಾಪಲ್ಲಿ ಕಳಿಸೋದಾದ್ರೆ ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲಾಂದ್ರೆ ಅಂಕಿ ಮಸುಕಾಗುತ್ತೆ. ಲಾಯ್ಡ್ಸ್ ರಿಜಿಸ್ಟರಿನ ಎಸ್ ಪುಟಗಳನ್ನ ನಾನು ನೋಡ್ತೀನಿ, 1950ರ ಸಂಪುಟದಿಂದ ಶುರುಮಾಡ್ತೀನಿ. ಅಷ್ಟರಲ್ಲಿ ನೀವು ಚಿಕ್ಕಪ್ಪನ ಹತ್ತಿರ ಇಸವಿ ಕೇಳಿಟ್ಟಿರಿ.